ನುಸಿ ಕಚ್ಚಿದ ನೀಲಿ ಶಾಲು

ಈ ಸಲದ ರಜೆಗೆ ಅಕ್ಕನಿಗೆ ಒಂದು ಕುರೂಪದ ಶಾಲು ಹೆಣೆದು ಕೊಡಬೇಕೆಂದು ಚಿಕ್ಕಿ ತೀರ್ಮಾನಿಸಿದಳು. ನೋಡಿದವರು ಮುಖ ತಿರುಗಿಸಬೇಕು, ಕೊಟ್ಟವಳಿಗೇ ನಾಚಿಕೆಯಾಗಬೇಕು, ಇದನ್ನು ಜೋಪಾನವಾಗಿ ಎತ್ತಿಡೋಣ ಎಂಬ ಯೋಚನೆ ಯಾರ ತಲೆಗೂ ಬರಬಾರದು, ಅಂಥದ್ದು.

ಬೇರೆ ದಾರಿ ಉಳಿದಿರಲಿಲ್ಲ. ವರ್ಷದ ಕೊನೆಗೆ ತಾನು ಕೆಲಸಕ್ಕಿರುವ ಕನ್ನಡಕದ ಅಂಗಡಿಗೆ ರಜೆ ಬಿದ್ದ ಕೂಡಲೇ ಅಕ್ಕನ ಮನೆಗೆ ಹೋಗುವುದು, ಹೋಗುವಾಗ ಕೈಯಾರೆ ಹೆಣೆದದ್ದೊಂದನ್ನು ಒಯ್ಯುವುದು ಅವಳ ಪದ್ಧತಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ಚೌಕಟ್ಟಿಗೆ ಗಾಜು ಕೂರಿಸಿ, ಸಾಸಿವೆ ಕಾಳಿನಷ್ಟು ಸ್ಕ್ರೂ ತಿರುಗಿಸಿ, ಸಂಜೆ ಅದೇ ಬೆರಳುಗಳಲ್ಲಿ ಹೆಣಿಗೆಯ ಕಡ್ಡಿ ಹಿಡಿಯುತ್ತಿದ್ದಳು. ಕೆನೆ ಬಣ್ಣದ ಶಾಲು, ಕುತ್ತಿಗೆ ಮುಚ್ಚುವ ಹಸಿರು ಸ್ವೆಟರು, ಎಲೆ ಎಲೆಯಾಗಿ ಹೆಣೆದ ಕೆಂಪು ಕೋಟು, ಎಲ್ಲಕ್ಕೂ ಮೇಲೆ ಆ ನೀಲಿ ಶಾಲು. ಅದರ ಅಂಚಿನ ಅಲೆಗಳಿಗೇ ಒಂದು ಬೇಸಿಗೆ ಪೂರ್ತಿ ಹಿಡಿದಿತ್ತು. ಅಕ್ಕ ಪ್ರತಿ ಸಲವೂ ಕಣ್ಣರಳಿಸಿ ನೋಡುವಳು, ಕೆನ್ನೆಗೆ ಒತ್ತಿಕೊಳ್ಳುವಳು, ಪಕ್ಕದ ಮನೆಯವರನ್ನು ಕರೆದು ತೋರಿಸುವಳು. ಆಮೇಲೆ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ನಡುವೆ ನುಸಿಗುಳಿಗೆ ಇಟ್ಟು, ಟ್ರಂಕಿನಲ್ಲಿ ಮಲಗಿಸಿ ಬೀಗ ಹಾಕುವಳು. ಅಲ್ಲಿಗೆ ಆ ಉಡುಗೊರೆಯ ಆಯುಸ್ಸು ಮುಗಿಯಿತು.

ಅಕ್ಕ ಮಾತ್ರ ಅಂಗಡಿಯಲ್ಲಿ ಕೊಂಡ, ಮೊಣಕೈ ಹರಿದ ಬೂದಿ ಬಣ್ಣದ ಸ್ವೆಟರಿನಲ್ಲಿ ಗಡಗಡ ನಡುಗುತ್ತ ಓಡಾಡುತ್ತಿದ್ದಳು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ಇಲ್ಲಿ ಹಲ್ಲೂ ಇತ್ತು, ಕಡಲೆಯೂ ಇತ್ತು, ಕಡಲೆಗೆ ಬೀಗ ಬಿದ್ದಿತ್ತು.

ಇಷ್ಟೇ ಆಗಿದ್ದರೆ ಚಿಕ್ಕಿ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದಳೇನೋ. ಆದರೆ ಹೋದ ಚಳಿಗಾಲದಲ್ಲಿ ಅಕ್ಕನಿಗೆ ನ್ಯುಮೋನಿಯಾ ಆಗಿ, ಮೂಗಿಗೆ ನಳಿಕೆ ಹಾಕಿ ಮಲಗಿಸಿದ್ದರು. "ಎದೆ ತುಂಬಾ ವೀಕಾಗಿದೆ. ಇನ್ನೊಂದು ಸಲ ಹೀಗಾದ್ರೆ ನಮ್ಮ ಕೈಲಿ ಏನೂ ಇರಲ್ಲ, ಬೆಚ್ಚಗೆ ನೋಡ್ಕೊಳ್ಳಿ" ಎಂದು ಡಾಕ್ಟರು ಹೇಳಿದ್ದರು. ಚಿಕ್ಕಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಅತ್ತಳು. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿನಿಂದ ಅತ್ತಳು. ಉಣ್ಣೆ ಇಲ್ಲದವರಿಗೆ ಚಳಿ ಹಿಡಿದರೆ ಅರ್ಥವಾಗುತ್ತದೆ. ಟ್ರಂಕು ತುಂಬ ಉಣ್ಣೆಯಿಟ್ಟುಕೊಂಡು ಅದರ ಪಕ್ಕದಲ್ಲೇ ಮಲಗಿ ನಡುಗುವವರಿಗೆ ಏನು ಹೇಳುವುದು? ಚಿಕ್ಕಿಯನ್ನು ಸಾಕಿ ಬೆಳೆಸಿದ್ದೇ ಈ ಅಕ್ಕ. ಮೊದಲ ಸಲ ಕೈಗೆ ಕಡ್ಡಿ ಕೊಟ್ಟು ಕುಣಿಕೆ ಹಾಕುವುದನ್ನು ಕಲಿಸಿದವಳೂ ಇವಳೇ.

ಹಾಗಾಗಿ ಕುರೂಪದ ಶಾಲು. ಚಂದದ್ದನ್ನು ಎತ್ತಿಡುವವಳು ಅಂದಗೆಟ್ಟದ್ದನ್ನಾದರೂ ಹೊದ್ದುಕೊಳ್ಳದೆ ಎಲ್ಲಿ ಹೋಗುತ್ತಾಳೆ ಎಂಬುದು ಚಿಕ್ಕಿಯ ಲೆಕ್ಕಾಚಾರ.

ಲೆಕ್ಕ ಸುಲಭವಿತ್ತು, ಕೈ ಕೇಳಲಿಲ್ಲ. ಹಳೆಯ ಉಳಿಕೆ ದಾರದ ಚೀಲವನ್ನು ನೆಲಕ್ಕೆ ಸುರಿದು, ನೋಡದೆಯೇ ಕೈಗೆ ಸಿಕ್ಕ ಉಂಡೆಯಿಂದ ಶುರು ಮಾಡಿದಳು. ಒಂದಷ್ಟು ಸಾಲು ಆದ ಮೇಲೆ ನೋಡಿದರೆ ಕೆಂಪಿನ ಪಕ್ಕದಲ್ಲಿ ಕೆನೆ ಬಣ್ಣ ಬಂದು ಕೂತು ನಗುತ್ತಿತ್ತು. ಥೂ ಎಂದು ಬಿಚ್ಚಿದಳು. ಎರಡನೇ ಸಲ ಬೇಕೆಂದೇ ಕುಣಿಕೆ ತಪ್ಪಿಸಿದಳು; ತಪ್ಪಿಸಿದ ಕುಣಿಕೆಗಳು ಅಲ್ಲಲ್ಲಿ ಸಣ್ಣ ಕಿಟಕಿಗಳಾಗಿ ಇನ್ನೂ ಚಂದ ಕಂಡವು. ಅದನ್ನೂ ಬಿಚ್ಚಿದಳು. ಅಂಗಡಿಯ ಯಜಮಾನ ಊಟದ ಹೊತ್ತಿನಲ್ಲಿ ಬಂದು ನೋಡಿ, "ಏನ್ರೀ ಇದು, ಹೆಣೆಯೋಕ್ಕಿಂತ ಬಿಚ್ಚೋದೇ ಜಾಸ್ತಿ ಆಯ್ತಲ್ಲ" ಎಂದ. "ಕೆಟ್ಟದಾಗಿ ಮಾಡೋದು ಎಷ್ಟು ಕಷ್ಟ ಅಂತ ಮಾಡಿ ನೋಡಿದೋರಿಗೆ ಗೊತ್ತು ಸಾರ್" ಎಂದು ಚಿಕ್ಕಿ ಸಿಡುಕಿದಳು. ಕೊನೆಗೆ ಕಣ್ಣು ಮುಚ್ಚಿಕೊಂಡು, ಬಸ್ಸಿನ ಕುಲುಕಾಟದಲ್ಲಿ, ಸಿಟ್ಟು ನೆತ್ತಿಗೇರಿದ್ದಾಗಲೇ ಕೂತು ಹೆಣೆದು ಮುಗಿಸಿದಳು. ಒಂದು ಕಡೆ ಅಗಲ, ಇನ್ನೊಂದು ಕಡೆ ಸಣಕಲು, ಮೈಯೆಲ್ಲ ಗಂಟು. ತಿರುಗಿಸಿ ಮುರುಗಿಸಿ ನೋಡಿದಳು, ಯಾವ ಕಡೆಯಿಂದಲೂ ಅಂದವಿಲ್ಲ. ಸರಿಯಾಗಿದೆ ಎಂದುಕೊಂಡಳು.

ಅಕ್ಕನ ಮನೆ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಭಾವನ ಮೌತ್ ಆರ್ಗನ್ ಕೇಳಿಸಿತು. ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತನಾದ ಮೇಲೆ ಭಾವನಿಗೆ ಹಿಡಿದ ಹೊಸ ಹುಚ್ಚು ಅದು. ಒಂದೇ ಹಾಡಿನ ಅರ್ಧದವರೆಗೆ ಹೋಗಿ, ಅಲ್ಲಿ ಕೆಟ್ಟು ನಿಂತ ಲಿಫ್ಟಿನ ಹಾಗೆ ನಿಂತು, ಮತ್ತೆ ಕೆಳಗಿನಿಂದ ಹೊರಡುತ್ತಿದ್ದ.

ಬಾಗಿಲು ತೆರೆದ ಅಕ್ಕನ ಮೈಮೇಲೆ ಅದೇ ಬೂದಿ ಸ್ವೆಟರು. ಒಂದು ವ್ಯತ್ಯಾಸವಿತ್ತು. ಹರಿದ ಮೊಣಕೈಗೆ ಸಾಸಿವೆ ಹೂವಿನಂಥ ಹಳದಿ ದಾರದಲ್ಲಿ, ಬುಟ್ಟಿ ಹೆಣೆದಂತೆ ಅಡ್ಡಕ್ಕೂ ಉದ್ದಕ್ಕೂ ಎಳೆ ಕೂರಿಸಿ ರಫು ಹಾಕಿತ್ತು.

"ನಾನೇ ಮಾಡಿದ್ದು" ಎಂದಳು ಅಕ್ಕ, ಮೊಣಕೈಯನ್ನು ಮುಂದೆ ಚಾಚಿ. "ಲೈಬ್ರರಿಲಿ ಕ್ಲಾಸು ನಡೀತಿದೆ ಮರಿ. ಹರಿದಿದ್ದನ್ನ ಮುಚ್ಚಿಡಬಾರದಂತೆ, ಕಾಣೋ ಹಾಗೆ ರಫು ಮಾಡೋದು ಈಗಿನ ರೀತಿ."

"ಮನೇಲಿ ಹರಿದಿರೋದು ಒಂದೂ ಉಳಿದಿಲ್ಲ" ಎಂದ ಭಾವ. "ನನ್ನ ಕಾಲುಚೀಲ, ದಿಂಬಿನ ಚೀಲ, ಪಕ್ಕದ ಮನೆಯವರ ಕೈಚೀಲ, ಎಲ್ಲ ಆಯ್ತು. ಈಗ ಯಾರಾದ್ರೂ ಹರಿದ ಬಟ್ಟೆ ಹಾಕ್ಕೊಂಡು ಬರ್ತಾರಾ ಅಂತ ಕಿಟಕೀಲಿ ಕಾಯ್ತಾಳೆ."

ಚಿಕ್ಕಿಗೆ ನಗು ಬರಲಿಲ್ಲ. ಕಿಟಕಿಯ ಗಾಜಿನ ಸುತ್ತಲಿನ ಪುಟ್ಟಿ ಬಿರುಕು ಬಿಟ್ಟು ಗಾಳಿ ಸುಯ್ಯೆಂದು ಒಳಗೆ ಬರುತ್ತಿತ್ತು. ಮಾತಿನ ನಡುವೆ ಅಕ್ಕ ಎರಡು ಸಲ ಕೆಮ್ಮಿದಳು. ಆ ಕೆಮ್ಮು ಚಿಕ್ಕಿಯ ಎದೆಗೆ ಬಂದು ತಾಗಿತು. ಚಹಾಕ್ಕೂ ಕಾಯದೆ ಚೀಲದಿಂದ ಪೊಟ್ಟಣ ತೆಗೆದು ಕೊಟ್ಟಳು.

"ಈ ಸಲ ಚೆನ್ನಾಗಿ ಬಂದಿಲ್ಲ ಅಕ್ಕ. ಮನೇಲಿ ಹೊದ್ಕೊಳ್ಳೋಕೆ ಅಷ್ಟೇ. ಕೊಳೆ ಆದ್ರೂ ಪರವಾಗಿಲ್ಲ, ಹರಿದ್ರೂ ಪರವಾಗಿಲ್ಲ."

ಅಕ್ಕ ಶಾಲನ್ನು ಮಡಿಲಲ್ಲಿ ಹರಡಿಕೊಂಡಳು. ಕನ್ನಡಕ ಏರಿಸಿಕೊಂಡು ಒಂದು ತುದಿಯಿಂದ ಬೆರಳಾಡಿಸುತ್ತ ಬಂದಳು. ಬೆರಳು ಒಂದು ಗಂಟಿನ ಹತ್ತಿರ ನಿಂತಿತು.

"ಇದು ಆ ಕೆನೆ ಶಾಲಿಂದಲ್ವಾ?"

ಚಿಕ್ಕಿ ಬಗ್ಗಿ ನೋಡಿದಳು.

"ಇದು ಕೆಂಪು ಕೋಟಿಂದು. ಇದು ಹಸಿರು ಸ್ವೆಟರಿಂದು. ಅಯ್ಯೋ, ಇಲ್ಲಿ ನೋಡು, ನೀಲಿ ಶಾಲಿನ ದಾರ." ಅಕ್ಕನ ಕಣ್ಣು ತುಂಬಿ ಬಂತು. "ಇಷ್ಟು ವರ್ಷ ನೀನು ಕೊಟ್ಟಿದ್ದೆಲ್ಲ ಒಂದರಲ್ಲೇ ಸೇರಿಸಿದ್ದೀಯಲ್ಲೇ ಮರಿ. ನಿನಗೆ ಹೇಗೆ ಹೊಳೀತು ಇದು? ಇದನ್ನ ಮಾತ್ರ ಎಲ್ಲಕ್ಕಿಂತ ಮೇಲೆ ಇಡ್ತೀನಿ."

ಭಾವ ಮೌತ್ ಆರ್ಗನ್ ಕೆಳಗಿಟ್ಟು ಚಿಕ್ಕಿಯ ಮುಖವನ್ನೇ ನೋಡಿದ. ಉಳಿಕೆ ದಾರ ಎಂದರೆ ಯಾವುದರ ಉಳಿಕೆ ಎಂಬುದನ್ನು ಯೋಚಿಸದೇ ಹೋದ ತನ್ನ ದಡ್ಡತನಕ್ಕೆ ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಟ್ರಂಕಿನ ಬೀಗ ತೆರೆದ ಸದ್ದು ಕೇಳಿಸಿತು, ನುಸಿಗುಳಿಗೆಯ ಘಾಟು ಬಂತು, ಬೀಗ ಬಿದ್ದ ಸದ್ದೂ ಕೇಳಿಸಿತು.

"ನೀವಾದ್ರೂ ಹೇಳಬಾರದಾ ಭಾವ?" ಎಂದಳು ಅಡುಗೆಮನೆಯಲ್ಲಿ.

"ಹೇಳಿ ಹೇಳಿ ಬಾಯಿ ಸೋತು, ಅದಕ್ಕೆ ಬೇರೆ ಕೆಲಸ ಇರಲಿ ಅಂತಾನೇ ಈ ವಾದ್ಯ ಕಲಿತಾ ಇರೋದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವಳ ಬಾಯಲ್ಲಿ ಒಂದೇ ಉತ್ತರ, ಹಾಳಾಗುತ್ತೆ ಅಂತ. ಹಾಳಾದ್ದು ಬಿಟ್ಟು ಬೇರೇನೂ ಈ ಮನೇಲಿ ಬಳಕೆಗೆ ಬರಲ್ಲ. ನಾನೂ ರಿಟೈರಾದ ಮೇಲೆನೇ ಅವಳ ಕಣ್ಣಿಗೆ ಬಿದ್ದಿದ್ದು."

ಭಾವ ತಮಾಷೆಗೆ ಹೇಳಿದ್ದು. ಆದರೆ ಮಾರನೇ ದಿನ ಬೆಳಿಗ್ಗೆ ಅಕ್ಕ ಬೂದಿ ಸ್ವೆಟರಿನಲ್ಲೇ ಕೆಮ್ಮುತ್ತ ರಫು ಕ್ಲಾಸಿಗೆ ಹೊರಟುಹೋದಾಗ, ಆ ಮಾತು ಚಿಕ್ಕಿಯ ತಲೆಯಲ್ಲಿ ಹುಳ ಹೊಕ್ಕಂತೆ ಕೊರೆಯತೊಡಗಿತು. ಬೀಗದ ಕೈ ಯಾವಾಗಲೂ ಗಡಿಯಾರದ ಹಿಂದೆ ಇರುತ್ತಿತ್ತು. ಟ್ರಂಕು ತೆರೆದಳು. ಎಲ್ಲಕ್ಕೂ ಮೇಲೆ ಆ ಗಂಟುಗಂಟಿನ ಕುರೂಪಿ ಮಹಾರಾಣಿಯಂತೆ ಮಲಗಿತ್ತು. ಅದನ್ನು ಸರಿಸಿ ನೀಲಿ ಶಾಲು ತೆಗೆದಳು. ಪಂಚೆ ಬಿಚ್ಚಿದರೆ ಹೆಣೆದು ಮುಗಿಸಿದ ದಿನದಷ್ಟೇ ಹೊಸದು. ಒಂದು ಸಲವೂ ಯಾರ ಭುಜವನ್ನೂ ಮುಟ್ಟದ ಶಾಲು. ಅದನ್ನು ನೋಡಿ ಅವಳಿಗೆ ಹೆಮ್ಮೆಯಾಗಬೇಕಿತ್ತು, ಅಸಹ್ಯವಾಯಿತು.

ಅಕ್ಕನ ರಫು ಡಬ್ಬಿಯಿಂದ ಕತ್ತರಿ ತಂದಳು. ಭುಜದ ಮೇಲೆ ಬರುವ ಜಾಗ ನೋಡಿ ಎರಡು ಎಳೆ ಎತ್ತಿ ಹಿಡಿದಳು. ತಾನೇ ಹೆತ್ತದ್ದಕ್ಕೆ ತಾನೇ ಕತ್ತರಿ ಹಾಕುವ ಸ್ಥಿತಿ ತಂದಿಟ್ಟಳಲ್ಲ ಎಂದು ಅಕ್ಕನನ್ನು ಮನಸಾರೆ ಬೈದುಕೊಂಡು, ಕತ್ತರಿಸಿದಳು. ಒಂದು ಕುಣಿಕೆ ಬಿಟ್ಟಿತು, ಅದರ ಕೆಳಗಿನದು ಬಿಟ್ಟಿತು, ನೋಡನೋಡುತ್ತಿದ್ದಂತೆ ಅಂಗೈಯಗಲದ ತೂತು ಬಾಯಿ ತೆರೆಯಿತು.

ಅಕ್ಕ ಬಂದಾಗ ಶಾಲು ಮಂಚದ ಮೇಲಿತ್ತು.

"ನುಸಿ ತಿಂದಿದೆ ಅಕ್ಕ" ಎಂದಳು ಚಿಕ್ಕಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಗಂಟಲು ಒಡೆದ ಕೊಳಲಿನಂತೆ ಕೇಳಿಸಿತು.

ಅಕ್ಕ ಬೆಳಕಿಗೆ ಹಿಡಿದು ನೋಡಿದಳು. ಎಳೆಯ ತುದಿಯನ್ನು ಬೆರಳುಗಳ ನಡುವೆ ಹೊರಳಿಸಿದಳು. ಹುಳ ತಿಂದ ತುದಿ ಸವೆದು ಚೂಪಾಗಿರುತ್ತದೆ, ಕತ್ತರಿ ತಿಂದ ತುದಿ ನೇರವಾಗಿರುತ್ತದೆ. ರಫು ಕ್ಲಾಸಿನ ಮೊದಲ ಪಾಠವೇ ಅದು. ಅಕ್ಕ ತಂಗಿಯ ಮುಖ ನೋಡಿದಳು. ಚಿಕ್ಕಿ ಕಿಟಕಿಯ ಕಡೆ ತಿರುಗಿದಳು. ಒಳಗೆ ಅಳುಕು, ಅದರ ಮೇಲೆ ಸಿಟ್ಟು. ಬೈದರೆ ಬೈಯಲಿ, ನಾನೂ ಬೈಯುತ್ತೇನೆ ಎಂದು ಕಾದಳು.

"ನುಸಿನೇ ಇರಬೇಕು" ಎಂದಳು ಅಕ್ಕ.

"ಅಷ್ಟು ಗುಳಿಗೆ ತಿಂದು ಬದುಕಿದೆ ಅಂದ್ರೆ ಗಟ್ಟಿ ಹುಳಾನೇ" ಎಂದ ಭಾವ, ಪೇಪರಿನಿಂದ ತಲೆ ಎತ್ತದೆ.

ಅಕ್ಕ ಡಬ್ಬಿ ತೆರೆದು ಕೂತಳು. ನೀಲಿಯ ಮೇಲೆ ಅದೇ ಹಳದಿ ದಾರ. ಚಿಕ್ಕಿ ಶಾಲಿನತ್ತ ಕೈ ಚಾಚಿದಳು. "ಅಕ್ಕ, ನೀಲಿ ದಾರ ಇದೆ ನನ್ನತ್ರ, ಗೊತ್ತೇ ಆಗದ ಹಾಗೆ ನಾನೇ ಸರಿ ಮಾಡ್ತೀನಿ ಕೊಡು" ಎಂದು ಅಂಗಲಾಚಿದಳು. ಅಕ್ಕ ಕೊಡಲಿಲ್ಲ. ಆ ದಿನವೂ ಮಾರನೇ ದಿನವೂ ಕೂತು ಎಳೆ ಎಳೆಯಾಗಿ ತುಂಬಿದಳು. ರಫು ಮುಗಿದದ್ದನ್ನು ನೋಡಿದರೆ ಅಲೆಗಳ ಮೇಲೆ ಯಾರೋ ಹಳದಿ ಚೌಕವೊಂದನ್ನು ಎಸೆದು ಹೋದಂತಿತ್ತು. ಒಂದು ಬೇಸಿಗೆಯ ಕೆಲಸ ಮಣ್ಣುಪಾಲಾಯಿತು ಎಂದು ಚಿಕ್ಕಿ ಒಳಗೇ ಕುದಿದಳು.

ಸೂಜಿ ಆಡಿಸುತ್ತಲೇ ಅಕ್ಕ ಹೇಳಿದಳು: "ಚಿಕ್ಕವಳಿದ್ದಾಗ ಅತ್ತೆ ನನಗೊಂದು ಬಿಳಿ ಸ್ವೆಟರ್ ತಂದುಕೊಟ್ಟಿದ್ರು. ನೀನಿನ್ನೂ ಹುಟ್ಟಿರಲಿಲ್ಲ. ಹಾಕ್ಕೊಂಡ ದಿನಾನೇ ಶಾಯಿ ಚೆಲ್ಲಿಕೊಂಡೆ. ಒಳ್ಳೇದನ್ನ ಉಳಿಸ್ಕೊಳ್ಳೋ ಯೋಗ್ಯತೆ ನಿನಗಿಲ್ಲ ಅಂದ್ಲು ಅಮ್ಮ. ಅವಳು ಅಂದು ಮರೆತಳು, ನಾನು ಮರೀಲಿಲ್ಲ. ಒಳ್ಳೇದು ಮೈಮೇಲೆ ಬಿದ್ರೆ ಈಗ್ಲೂ ಭಯ ಆಗುತ್ತೆ ಮರಿ. ಯಾವಾಗ ಹಾಳಾಗುತ್ತೋ ಅಂತ ಕಾಯ್ತಾ ಕೂರೋದಕ್ಕಿಂತ ಚಳೀನೇ ವಾಸಿ."

"ಅದಕ್ಕೆ ಸಾಯ್ತೀಯಾ?" ಎಂದಳು ಚಿಕ್ಕಿ. ಅಷ್ಟು ಒರಟಾಗಿ ಹೇಳಬೇಕೆಂದಿರಲಿಲ್ಲ, ಬಾಯಿಂದ ಬಂದುಹೋಯಿತು. "ಶಾಲಿಗೆ ಕಲೆ ಬಿದ್ರೆ ಇನ್ನೊಂದು ಹೆಣೀತೀನಿ. ನಿನ್ನ ಎಲ್ಲಿಂದ ತರ್ಲಿ?"

ಅಕ್ಕ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ, ಶಾಲು ಕೊಡವಿ, ಭುಜದ ಮೇಲೆ ಹಾಕಿಕೊಂಡಳು. ಹಳದಿ ಚೌಕ ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಎಳೆದುಕೊಂಡಳು. "ಹೇಗೂ ಹಾಳಾಯ್ತಲ್ಲ" ಎಂದಳು. ರಜೆ ಮುಗಿಯುವವರೆಗೂ ಅದನ್ನು ತೆಗೆಯಲಿಲ್ಲ. ಪಾತ್ರೆ ತೊಳೆಯುವಾಗಲೂ ಅದೇ, ಮಲಗುವಾಗಲೂ ಅದೇ. ಅಂಚಿನ ಅಲೆಗಳಿಗೆ ಸೋಪಿನ ನೊರೆ ಹತ್ತುವುದನ್ನು ನೋಡಿ ಚಿಕ್ಕಿಗೆ ಒಮ್ಮೆ ಹೊಟ್ಟೆ ಉರಿಯಿತು, ಒಮ್ಮೆ ತಣ್ಣಗಾಯಿತು. ಕೆಮ್ಮು ಪೂರ್ತಿ ನಿಲ್ಲಲಿಲ್ಲ, ಆದರೆ ಮೆಲ್ಲಗಾಯಿತು.

ಹೊರಡುವ ದಿನ ಚಿಕ್ಕಿ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಒಳಗೆ ಭಾವನ ಹಾಡು ಅರ್ಧಕ್ಕೆ ಹತ್ತಿ ನಿಂತಿತು. "ತಡಿ" ಎಂದು ಅಕ್ಕ ಒಳಗೆ ಹೋದಳು. ಟ್ರಂಕು ತೆರೆದ ಸದ್ದಾಯಿತು. ಬರುವಾಗ ಅವಳ ಒಂದು ಕೈಯಲ್ಲಿ ಪಂಚೆ ಬಿಚ್ಚಿದ ಕೆಂಪು ಕೋಟು, ಇನ್ನೊಂದರಲ್ಲಿ ಕತ್ತರಿ.

ಎರಡನ್ನೂ ತಂಗಿಯ ಕೈಗಿಟ್ಟು, ಮುಖ ಬೇರೆ ಕಡೆ ತಿರುಗಿಸಿಕೊಂಡಳು.

"ನನ್ನ ಕೈಲಿ ಆಗಲ್ಲ" ಎಂದಳು. "ಆ ಹುಳ ಊರಿಗೆ ಹೋಗೋಕ್ಕೆ ಮುಂಚೆ ಇದನ್ನೂ ಒಂದು ಸಲ ಕಚ್ಚಿ ಹೋಗ್ಲಿ."