ಬೆನ್ನಿಲ್ಲದ ಕಾವಲುಗಾರ

ಮುಂಬೈಯಲ್ಲಿ ಕಂಪ್ಯೂಟರ್ ಗೇಮುಗಳಿಗೆ ಗೊಂಬೆ, ಕೋಟೆ, ಕತ್ತಿ ಮಾಡುವ ಕನ್ನಡದವರು ನಾವು ಹನ್ನೊಂದು ಮಂದಿ. ನಮ್ಮದೊಂದು ವಾಟ್ಸಾಪ್ ಗುಂಪು. ಯಾರು ಏನೇ ಮಾಡಿ ಹಾಕಲಿ, ಅನಿಲ, ಅಂದರೆ ನಾನು, ‘ಪಾಸ್’ ಅನ್ನುವವರೆಗೆ ಅದು ಮುಗಿದಂತಲ್ಲ. ಮುಲುಂಡಿನ ಮನೆಯಲ್ಲಿ ನನ್ನ ಮಷೀನು ಶುರುವಾದರೆ ಇಡೀ ಅಪಾರ್ಟ್‌ಮೆಂಟ್ ಸೊಸೈಟಿಯ ಲಿಫ್ಟು ನಿಂತುಹೋಗುತ್ತದೆ, ಅಂಥ ಮಷೀನು. ನನ್ನ ಕಣ್ಣೋ, ಥಾಣೆ ಊರಿನಲ್ಲಿ ನಿಂತು ಚೆಂಬೂರಿನ ಸೊಳ್ಳೆಯ ಕಾಲು ಎಣಿಸುವಂಥದ್ದು.

ಆ ಚೆಂಬೂರಿನಲ್ಲೇ ಇರುವ ಸೊಹೈಲನ ಲ್ಯಾಪ್‌ಟಾಪು ಬಡಪಾಯಿ. ಗೊಂಬೆ ಮಾಡುವಷ್ಟು ತ್ರಾಣ ಅದಕ್ಕಿತ್ತು. ಅದನ್ನು ಗೇಮಿನೊಳಗೆ ಇಳಿಸಿ ಓಡಿಸಿ ನೋಡುವಷ್ಟು ಇರಲಿಲ್ಲ. ವಿಲೆ ಪಾರ್ಲೆಯ ಸ್ಟುಡಿಯೋ ಒಂದು, ಕೆಲಸಕ್ಕೆ ಪರೀಕ್ಷೆಯೆಂದು, ಕೋಟೆಯ ಕಾವಲುಗಾರನನ್ನು ಮಾಡಲು ಅವನಿಗೆ ಹೇಳಿತ್ತು. ಎರಡು ವರ್ಷದಿಂದ ಮದುವೆ ಆಲ್ಬಮ್ಮು ಜೋಡಿಸುತ್ತಿದ್ದವನಿಗೆ ಬಂದ ಮೊದಲ ಕರೆ. ಮೂರು ವಾರ ಕೂತು, ಕಂಬಳಿ ಹೊದ್ದ ಕಾವಲುಗಾರನನ್ನು ಮಾಡಿ ನನಗೆ ಕಳಿಸಿದ.

“ಅನಿಲಭಾಯ್, ನಿನ್ನ ಮಷೀನ್‌ದಾಗ ಓಡಿಸಿ ಸುತ್ತಲೂ ತಿರುಗಿಸಿ ನೋಡು. ಸುಮ್ಮ ಹೊಗಳಬ್ಯಾಡ ಮತ್ತ.”

ನಾನಾಗ ಲೋಕಲ್ ಟ್ರೇನಿನಲ್ಲಿ, ನಾಲ್ಕು ಸಾವಿರ ಮಂದಿಯ ಬೆವರಿನ ನಡುವೆ, ಒಂದೇ ಕಾಲಿನ ಮೇಲೆ ನಿಂತಿದ್ದೆ. ಫೈಲು ತೆರೆಯುವ ಮಾತೇ ಇರಲಿಲ್ಲ. ಜೊತೆಗೆ ಕಳಿಸಿದ್ದ ಫೋಟೋ ಕಂಡಿತು. ಚಂದ ಇತ್ತು. ಮನೆಗೆ ಹೋಗಿ ನೋಡಿದರಾಯಿತು ಅಂದುಕೊಂಡೆ, ಅಷ್ಟರಲ್ಲಿ ಬೆರಳು ಬರೆದೇಬಿಟ್ಟಿತು: “ಎರಡು ತಾಸು ಕುಂತು ನೋಡೇನಿ. ಒಂದು ಕೂದಲಾ ಹೆಚ್ಚಿಲ್ಲ, ಕಡಿಮಿಲ್ಲ. ಪಾಸ್!” ಮನೆಗೆ ಹೋದಮೇಲೆ ನೆನಪೇ ಆಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಸೊಹೈಲನ ಫೋನು.

“ಭಾಯ್, ಸ್ಟುಡಿಯೋದವ್ರು ಕಾವಲುಗಾರಗ ಬೆನ್ನೇ ಇಲ್ಲ ಅಂತಾರ! ಸಂಜಿ ಆರರೊಳಗ ಸರಿಮಾಡಿ ಕಳಿಸ್ರಿ, ಮತ್ತ ನೋಡ್ತೀವಿ ಅಂತ. ಅವರ ಮಷೀನೇ ಖರಾಬ್ ಇರಬೇಕು. ನೀ ಎರಡು ತಾಸು ನೋಡೀಯಲ್ಲ, ನಿನ್ನ ಹೆಸರು ಹಾಕಿ ಬರೀತೀನಿ, ಏನೂ ತಪ್ಪಿಲ್ಲ ಅಂತ. ಹಾಕ್ಲಿ?”

ಫೋನು ಕಿವಿಗೆ ಒತ್ತಿಕೊಂಡೇ ಫೈಲನ್ನು ಮೊದಲ ಸಲ ಗೇಮಿನೊಳಗೆ ಇಳಿಸಿದೆ. ಮುಂದಿನಿಂದ ರಾಜಠೀವಿ. ತಿರುಗಿಸಿದೆ. ಮೇಲೆ ತಲೆ, ಕೆಳಗೆ ಎರಡು ಕಾಲು, ನಡುವೆ ಬರೀ ಗಾಳಿ. ಕಂಬಳಿಯ ಹಿಂಭಾಗದ ಮೇಲ್ಮೈ ಒಳಮುಖವಾಗಿ ತಿರುಗಿತ್ತು. ಹಾಗೆ ತಿರುಗಿದ್ದನ್ನೂ ಗೊಂಬೆ ಮಾಡುವಾಗ ಸೊಹೈಲನ ಲ್ಯಾಪ್‌ಟಾಪು ತೋರಿಸುತ್ತದೆ, ಗೇಮು ಹೊರಮುಖವಾಗಿದ್ದನ್ನು ಮಾತ್ರ ತೋರಿಸುತ್ತದೆ. ಕಂಬಳಿ ಹೇಗೂ ಮುಚ್ಚಿರುತ್ತದೆಂದು ಅವನು ಒಳಗಿನ ಮೈಯನ್ನೂ ಅಳಿಸಿದ್ದ. ಮೂರು ತಾಸಿನ ರಿಪೇರಿ. ಆಗಲೇ ಗಂಟೆ ಎರಡು.

ಸುಳ್ಳು ನನ್ನಲ್ಲಿ ಲಕ್ಷಗಟ್ಟಲೆ ಇವೆ. ‘ಕಳಿಸುವಾಗ ಫೈಲು ಕೆಟ್ಟಿರಬೇಕು’ ಅಂದರೆ ಸಾಕು, ನಂಬುತ್ತಿದ್ದ. ನಂಬಿ ಅದೇ ಬೆನ್ನಿಲ್ಲದವನನ್ನು ಮತ್ತೆ ಕಳಿಸುತ್ತಿದ್ದ.

“ಬರೀಬ್ಯಾಡೋ. ಬೆನ್ನು ಖರೇನೇ ಇಲ್ಲ.”

“ಅವತ್ತು ಇತ್ತಲ್ಲ?”

“ಅವತ್ತು ನಾ ನೋಡೇ ಇಲ್ಲ. ಟ್ರೇನ್‌ದಾಗಿದ್ದೆ.”

“ಎರಡು ತಾಸು ಅಂದಿ.”

“ಅಂದೆ.”

ಬೈದಿದ್ದರೆ ನಿರಾಳವಾಗುತ್ತಿತ್ತು. “ಹೂಂ” ಅಂದು ಫೋನಿಟ್ಟ.

ಐದು ಗಂಟೆಗೆ ಹೊಸ ಫೈಲು ಗುಂಪಿಗೆ ಬಂತು. ಕೆಳಗೆ, “ನಮಿತಾ, ನೀ ಓಡಿಸಿ ನೋಡ್ತೀಯಾ?” ನಮ್ಮಲ್ಲಿ ನನ್ನದಲ್ಲದೆ ದೊಡ್ಡ ಮಷೀನಿರುವುದು ಅವಳೊಬ್ಬಳಿಗೇ. “ಆಫೀಸ್‌ದಾಗಿದ್ದೀನಿ, ಏಳರ ಮ್ಯಾಲೆ” ಎಂದು ಅವಳ ಉತ್ತರ.

ಕರೆಯದಿದ್ದರೂ ನಾನೇ ತೆರೆದೆ. ಕಾವಲುಗಾರನಿಗೆ ತಲೆಸುತ್ತು ಬರುವಷ್ಟು ತಿರುಗಿಸಿದೆ. ಬೆನ್ನು ಬಂದಿತ್ತು. ಎಡಗೈ ಎತ್ತಿಸಿದಾಗ ಮಾತ್ರ ಕಂಕುಳಲ್ಲಿ ಅಂಗೈಯಗಲ ತೂತು. ಬರೆದು ಹಾಕಿದೆ. ಸೊಹೈಲ ಓದಿದ ಗುರುತು ಬಿತ್ತು.

ಐದೂ ಇಪ್ಪತ್ತಕ್ಕೆ ಅವನ ಒಂದು ಸಾಲು: “ಸ್ಕ್ರೀನ್‌ದ ಫೋಟೋ ಹಾಕು.”

ಈ ಗುಂಪಿನಲ್ಲಿ ನನ್ನ ಮಾತಿಗೆ ಯಾರೂ ಸಾಕ್ಷಿ ಕೇಳಿದವರಲ್ಲ. ತೂತಿನ ಸುತ್ತ ಕೆಂಪು ಗೆರೆ ಎಳೆದು, ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ಒಂಬತ್ತು ಫೋಟೋ ಹಾಕಿದೆ. ಒಂಬತ್ತೆಂದರೆ ಒಂಬತ್ತೇ.

ಆರಕ್ಕೆ ನಾಲ್ಕು ನಿಮಿಷವಿದ್ದಾಗ ನನ್ನ ಒಂಬತ್ತು ಫೋಟೋಗಳ ಕೆಳಗೆ ಸೊಹೈಲ ಬರೆದ: “ತೂತು ಮುಚ್ಚಿ ಕಳಿಸ್ದೆ, ನಮಿತಾ.”