ಕೆಜಯಾ ಓಟು ಹಾಕಲು ಹೋದದ್ದು

೧
ಎಲ್ಲಿಂದ ಶುರು ಮಾಡಲಿ? ‘ನಮ್ಮನ್ನು ಕೇಳದೆ ತೆರಿಗೆ ಹಾಕಬೇಡ’ ಎಂದು ಇಂಗ್ಲೆಂಡಿನ ರಾಜನ ವಿರುದ್ಧ ನಮ್ಮವರು ಬಂದೂಕು ಹಿಡಿದ ಕಾಲದಿಂದಲೇ? ಹಾಗೆ ಬರೆದು ಹರಿದುಹಾಕಿದೆ. ಅದರಲ್ಲಿ ಕಹಳೆಯ ಸದ್ದು ಜಾಸ್ತಿಯಾಗಿತ್ತು.

೨
ಸರಿ, ೧೮೦೮ರ ಅಕ್ಟೋಬರ್. ಅಮೆರಿಕದ ನ್ಯೂಜೆರ್ಸಿಯ ನಮ್ಮೂರಿನ ಹೆಂಡದಂಗಡಿಯಲ್ಲಿ ಚುನಾವಣೆ. ನನ್ನ ಪಕ್ಕದ ಮನೆಯ ಕೆಜಯಾ ಟರ್ಹ್ಯೂನ್ ಓಟು ಹಾಕಲು ಬಂದಿದ್ದಳು. ಗಂಡ ಆ ಯುದ್ಧದಲ್ಲೇ ಸತ್ತ. ಸೇಬಿನ ತೋಟ ಅವಳ ಹೆಸರಲ್ಲಿದೆ. ಆಸ್ತಿಯಿದ್ದವರಿಗೆ ಓಟು ಎಂದು ನಮ್ಮ ಹಿರಿಯರು ಕಾನೂನು ಮಾಡಿದಾಗ, ಆಸ್ತಿ ಗಂಡಸಿನದೋ ಹೆಂಗಸಿನದೋ ಎಂದು ಕೇಳಿರಲಿಲ್ಲ. (ಮರೆತರೋ, ಬೇಕೆಂದೇ ಬಿಟ್ಟರೋ, ನನ್ನನ್ನು ಕೇಳಬೇಡಿ.) ಈ ಸಲ ಅವಳ ತೋಟದ ನಡುವೆ ರಸ್ತೆ ಹಾಕಿಸುತ್ತೇನೆಂದು ಒಬ್ಬ ಚುನಾವಣೆಗೆ ನಿಂತಿದ್ದ.

ಓಟಿನ ಪೆಟ್ಟಿಗೆಯ ಹಿಂದೆ ಅವಳ ಮೈದುನ ಬ್ಯಾರೆಂಟ್.

“ಅತ್ತಿಗೆ, ಕಾನೂನು ಬದಲಾಯ್ತು. ಇನ್ಮೇಲೆ ತೆರಿಗೆ ಕಟ್ಟೋ ಬಿಳಿ ಗಂಡಸರಿಗೆ ಮಾತ್ರ.”

“ಹಂಗಾದ್ರೆ ನನ್ನ ತೆರಿಗೆ?”

“ಅದೇನೂ ಬದಲಾಗಿಲ್ಲ.”

ಮುಂದೇನು ಬರೆಯಬೇಕೋ ನನಗೆ ತೋಚಲಿಲ್ಲ.

೩
(ಮುಕ್ತಾಯ ಒಂದು: ಪೆಟ್ಟಿಗೆ ಒಡೆಯುತ್ತಾಳೆ. ಮುಕ್ತಾಯ ಎರಡು: ಓಟಿರುವ ಒಬ್ಬನನ್ನು ಮದುವೆಯಾಗುತ್ತಾಳೆ.)

“ಮದುವೆ ಆದ್ರೆ ತೋಟಾನೂ ಅವನ ಪಾಲು! ನಿಂಗೇನು ತಲೆ ಕೆಟ್ಟಿದ್ಯಾ?” ಎಂದು ಕೆಜಯಾ ನನ್ನನ್ನೇ ಬೈದಳು. ಎರಡನ್ನೂ ಹೊಡೆದುಹಾಕಿದೆ.

೪
ನಡೆದದ್ದು ಇಷ್ಟು. ಅವಳು ಹೊರಗೆ ಮೆಟ್ಟಿಲಿಗೆ ಬಂದಳು. ಅವಳ ತೋಟದ ಆಳು ಜೋತಮ್ ಅಲ್ಲೇ ನಿಂತಿದ್ದ. ಬಿಳಿಯನೇ; ಉಟ್ಟ ಬಟ್ಟೆ ಬಿಟ್ಟರೆ ಆಸ್ತಿಯಿಲ್ಲ, ಆದರೆ ತೆರಿಗೆಯೆಂದು ಚೂರುಪಾರು ಕಟ್ಟಿದ್ದ. ಹೊಸ ಕಾನೂನು ಅವನಿಗೆ ಓಟು ಕೊಟ್ಟಿತ್ತು.

“ಜೋತಮ್, ಆ ರಸ್ತೆಯವನಿಗೆ ಬೇಡ. ಇನ್ನೊಬ್ಬನಿಗೆ ಹಾಕು, ಹೋಗು,” ಎಂದಳು.

ಅವನು ಒಳಗೆ ಹೋದ. ಹೊರಗೆ ಬಂದ.

“ಹಾಕಿದ್ಯಾ?”

“ಹಾಕ್ದೆ ಅಮ್ಮಾವ್ರೇ. ರಸ್ತೆಯವ್ರಿಗೇ.”

“ನನ್ನ ರೊಟ್ಟಿ ತಿಂದು—”

“ರೊಟ್ಟಿಗೆ ದುಡ್ದಿದೀನಿ. ರಸ್ತೆ ಆದ್ರೆ ನಂಗೆ ಬೇರೆ ಕಡೆ ಕೆಲ್ಸ ಸಿಗತ್ತೆ. ಇಷ್ಟು ವರ್ಷ ನೀವು ಓಟು ಹಾಕಿದ್ರಿ, ನಾನು ಕುದುರೆ ಹಿಡ್ಕೊಂಡು ಹೊರಗಿದ್ದೆ. ಒಂದಿನಾದ್ರೂ ನನ್ನ ಕೇಳಿದ್ರಾ?”

ಕೆಜಯಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಾನೂನಿನ ಏಟಿಗಿಂತ ಇದು ಜೋರಾಗಿತ್ತು.

೫
ಅವನದು ತಪ್ಪೆಂದು ಬರೆಯಲು ಹೋದೆ, ಕೈ ಬರಲಿಲ್ಲ. ಅವಳದು ತಪ್ಪೆನ್ನಲು ಬಾಯಿ ಬರಲಿಲ್ಲ.

“ಯಾರು ಗೆದ್ರು ಅಂತ ಬರೀತೀಯಾ?” ಎಂದಳು.

“ಗೊತ್ತಿಲ್ಲ.”

“ಹಂಗಿದ್ರೆ ಮುಗಿಸ್ಬೇಡ.”

ಎದ್ದು ಮೂಗೊರೆಸಿಕೊಂಡು ಗಾಡಿ ಹತ್ತಿದಳು. ಜೋತಮ್ ಕೆಳಗೆ ನಿಂತಿದ್ದ. ಅವಳು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಗಾಡಿ ಇನ್ನೂ ಹೊರಟಿಲ್ಲ.