ಸಹಿ ಹಾಕದ ಕೈ

ಮನೆಯ ಮಾತು ಮನೆಯಲ್ಲೇ ಇರಲಿ ಎಂದು ಬಾಯಿಗೆ ಬೀಗ ಹಾಕಿಕೊಂಡವರು ಒಬ್ಬಿಬ್ಬರಲ್ಲ. ಈ ಅಕ್ಕತಂಗಿಯರೂ ಅದೇ ಸಾಲಿನವರು.

ತಂಗಿ ಹದಿನೈದು ವರ್ಷ ಸೈನ್ಯದಲ್ಲಿ ಪ್ಯಾರಾಚೂಟ್ ಮಡಿಸಿ ನಿವೃತ್ತಳಾದವಳು. ಇವತ್ತು ಊದಿದ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಮಾಜಿ ಸೈನಿಕರ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಕಿಟಕಿಯ ಬಿಳಿ ಪರದೆ ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ನೋಡುತ್ತ ನೋಡುತ್ತ ಗೋಡೆಗಳೇ ಕರಗಿ, ತಾನು ಮಡಿಸಿದ ಬಟ್ಟೆಗಳೆಲ್ಲ ಆಕಾಶದಲ್ಲಿ ಒಂದೊಂದಾಗಿ ಅರಳಿ ಮೆಲ್ಲಗೆ ಇಳಿಯತೊಡಗಿದವು. ಅಲ್ಲಿ ಯಾರಿಗೂ ಪೆಟ್ಟಾಗುತ್ತಿರಲಿಲ್ಲ.

"ಬಿದ್ದೆ ಅಂತ ಹೇಳು ಸಾಕು," ಎಂದು ಅಕ್ಕ ಪಿಸುಗುಟ್ಟಿದಳು. "ಸೈನ್ಯದಲ್ಲಿದ್ದವಳು ಗಂಡನ ಕೈಲಿ ಏಟು ತಿಂದಳು ಅಂದ್ರೆ ಜನ ನಗ್ತಾರೆ."

ಇಬ್ಬರೂ ಒಳಗೆ ಹೋದಾಗ ನರ್ಸಮ್ಮ ಕೇಳಿದರು, "ಏನಾಯ್ತಮ್ಮ?"

"ಮೆಟ್ಟಿಲಿಂದ ಬಿದ್ದೆ."

ನರ್ಸಮ್ಮ ಹಾಗೇ ಬರೆದುಕೊಂಡು ಕಾಗದ ತಿರುಗಿಸಿದರು. "ಇಲ್ಲೊಂದು ಸಹಿ ಹಾಕಿ."

ಪೆನ್ನು ಹಿಡಿದ ಕೈ ಮುಂದೆ ಹೋಗಲಿಲ್ಲ. ಮಡಿಸಿದ ಪ್ರತಿ ಪ್ಯಾರಾಚೂಟಿಗೂ ಅವಳು ಸಹಿ ಹಾಕಬೇಕಿತ್ತು. ಆ ಸಹಿಯನ್ನು ನಂಬಿ ಯಾರೋ ವಿಮಾನದಿಂದ ಹಾರುತ್ತಿದ್ದರು. ಒಂದು ಸುಳ್ಳಿಗೂ ಅವಳು ಸಹಿ ಹಾಕಿದವಳಲ್ಲ.

"ನಾನು ಬೀಳ್ಲಿಲ್ಲ," ಎಂದಳು. "ನಮ್ಮನೆಯವರು ಕೈ ತಿರುಚಿದ್ರು. ಇದು ಮೂರನೇ ಸಲ."

ನರ್ಸಮ್ಮ ಬಾಗಿಲು ಮುಚ್ಚಿ ಬಂದರು. "ನಿಮ್ಮಕ್ಕ ಹೊರಗೆ ಕೂರಬೇಕಾ?"

"ಬೇಡ. ಅವಳೂ ಕೇಳಲಿ."

ಅಕ್ಕನ ಮುಖ ಸಣ್ಣದಾಯಿತು. "ಪೊಲೀಸು, ಕೋರ್ಟು ಅಂತ ಬೀದಿಗೆ ಬರಬೇಕಾಗುತ್ತಾ?"

"ಯಾವುದೂ ಬಲವಂತ ಇಲ್ಲ. ಇಲ್ಲಿ ಆಪ್ತಸಮಾಲೋಚಕಿ ಇದ್ದಾರೆ. ಇವರು ಹೇಳಿದ್ದು ಗಂಡನ ಕಿವಿಗೆ ಹೋಗಲ್ಲ. ಇರೋಕೆ ಸುರಕ್ಷಿತ ಜಾಗ, ವಕೀಲರ ಸಲಹೆ, ನಿದ್ದೆ ಕೆಟ್ಟಿದ್ರೆ ಚಿಕಿತ್ಸೆ, ಯಾವುದು ಬೇಕೋ ಇವರೇ ಆರಿಸ್ಕೋಬಹುದು. ಏಟು ತಿಂದ ಗಂಡಸರೂ ಬರ್ತಾರೆ. ಹೆಂಡತಿ ಮೇಲೆ ಕೈ ಮಾಡೋದನ್ನ ಬಿಡಬೇಕು ಅಂತ ಬರೋ ಮಾಜಿ ಸೈನಿಕರೂ ಇದ್ದಾರೆ."

"ನಾನು ಗಟ್ಟಿಗಿತ್ತಿ ಅನ್ಕೊಂಡಿದ್ದೆ," ಎಂದಳು ತಂಗಿ.

"ಗಟ್ಟಿಗಿತ್ತಿಯರ ಕೈಯೂ ಉಳುಕುತ್ತಮ್ಮ."

ಆ ಮಾತು ದೂರದ ಹಾಡಿನಂತೆ ಅವಳನ್ನು ಮುಟ್ಟಿತು. ಎಷ್ಟೋ ದಿನದ ಮೇಲೆ ಮನಬಿಚ್ಚಿ ಅತ್ತಳು. ನರ್ಸಮ್ಮ ಹಳೆಯ ಸಾಲನ್ನು ಹೊಡೆದುಹಾಕಿ ನಡೆದದ್ದನ್ನು ಬರೆದರು. ಅವಳು ಸಹಿ ಹಾಕಿದಳು.

"ಸುಳ್ಳು ಹೇಳಿಕೊಟ್ಟವಳು ನಾನೇ," ಎಂದಳು ಅಕ್ಕ. "ಇವತ್ತು ನಮ್ಮನೆಗೇ ಬಾ. ಅವನು ಬಂದು ಕೇಳಿದ್ರೆ ಇಲ್ಲಿಲ್ಲ ಅಂತೀನಿ. ನನ್ನ ಹತ್ರ ಯಾರೂ ಸಹಿ ಕೇಳಲ್ಲ."

ತಂಗಿ ಅಳುತ್ತಲೇ ನಕ್ಕಳು.

ಸಮವಸ್ತ್ರ ತೊಟ್ಟಿದ್ದವರೇ, ನಿಮ್ಮ ಮನೆಗೆ ಹೋಗಲು ನಿಮಗೇ ಭಯವೇ? ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿ. ನಿಮ್ಮವರು ಯಾರಾದರೂ ಪದೇಪದೇ "ಬಿದ್ದೆ" ಎನ್ನುತ್ತಿದ್ದರೆ, ಅವರು ಒಬ್ಬರೇ ಇದ್ದಾಗ ಮೆಲ್ಲಗೆ ವಿಚಾರಿಸಿ, ಹೇಳಿದ್ದನ್ನು ನಂಬಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.